ಎರಡನೇ ಸಾಲಿನಲ್ಲಿ ನಿಂತುಹೋಗುವ ಸನ್ಯಾಸಿನಿಯರು: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾಡಕಚೇರಿಯಲ್ಲಿ ಕೊಡುವ ಯಾವ ಅರ್ಜಿಯನ್ನಾದರೂ ತೆಗೆದು ನೋಡಿ. ಮೊದಲ ಸಾಲು ಅರ್ಜಿದಾರರ ಹೆಸರು. ಎರಡನೇ ಸಾಲು ತಂದೆ ಅಥವಾ ಗಂಡನ ಹೆಸರು. ಕಾವಿ ಉಟ್ಟ ಹೆಂಗಸು ಆ ಎರಡನೇ ಸಾಲಿನಲ್ಲೇ ನಿಂತುಹೋಗುತ್ತಾಳೆ. ದೀಕ್ಷೆಯ ದಿನ ಆಕೆ ಹುಟ್ಟಿದ ಮನೆ, ಮೆಟ್ಟಿದ ಮನೆ ಎರಡರ ಸಂಬಂಧವನ್ನೂ ಬಿಟ್ಟು ಬಂದಿರುತ್ತಾಳೆ. ಆ ಜಾಗದಲ್ಲಿ ಗುರುವಿನ ಹೆಸರು ಬರೆದರೆ ಅರ್ಜಿ ವಾಪಸ್ ಬರುತ್ತದೆ. ಖಾಲಿ ಬಿಟ್ಟರೆ ತಂತ್ರಾಂಶ ಮುಂದಕ್ಕೆ ಹೋಗುವುದಿಲ್ಲ. ತಂದೆಯ ಹೆಸರು ಬರೆದರೆ, ಇನ್ನೊಂದು ದಾಖಲೆಯಲ್ಲಿ ಗುರುವಿನ ಹೆಸರಿದೆ, ತಾಳೆಯಾಗುತ್ತಿಲ್ಲ ಎನ್ನುತ್ತಾರೆ. ಕೊನೆಗೆ ಅರವತ್ತೈದು ದಾಟಿದ ಮಾತಾಜಿಯೊಬ್ಬರು ಮೂರು ಸಲ ಬಸ್ಸು ಹತ್ತಿಳಿದು, ನಾಲ್ಕನೇ ಸಲ ಬೇಡವೆಂದು ಕೂತುಬಿಡುತ್ತಾರೆ. ಬೇಡವೆಂದು ಕೂತವರನ್ನು ಸರ್ಕಾರದ ಯಾವ ಪಟ್ಟಿಯೂ ಹುಡುಕಿಕೊಂಡು ಹೋಗುವುದಿಲ್ಲ.

ಶಿಕಾರಿಪುರ, ಸೊರಬ, ಸಾಗರ, ಹೊಸನಗರದ ಕಡೆ ಆಶ್ರಮಗಳಲ್ಲಿ, ಸಣ್ಣ ಮಠಗಳಲ್ಲಿ, ಒಂಟಿ ಕುಟೀರಗಳಲ್ಲಿ ಇರುವ ಸನ್ಯಾಸಿನಿಯರ ಕಾಗದಪತ್ರದ ಕೆಲಸಕ್ಕೆ ಜೊತೆಯಾಗುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಕೇಳುವುದು ಒಂದೇ: ಲೋಕ ಬಿಟ್ಟ ಹೆಂಗಸನ್ನು ಆಕೆಯ ಗುರುವಿನ ಹೆಸರಿನಿಂದ, ಆಕೆ ಇರುವ ಜಾಗದಿಂದ ಗುರುತಿಸುವ ದಾರಿಯನ್ನು ಈ ಜಿಲ್ಲೆಯ ಕಚೇರಿಗಳಲ್ಲಿ ಮಾಡಿಕೊಡಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವುದನ್ನು ಸರಿಯಾಗಿ ಓದಿ ಒಂದು ಸುತ್ತೋಲೆ ಹೊರಡಿಸಿದರೆ ಮುಕ್ಕಾಲು ಕೆಲಸ ಆದಂತೆ.

ಈ ಮಾತನ್ನು ಶಿವಮೊಗ್ಗಕ್ಕೇ ಹೇಳಬೇಕೆನ್ನಿಸಲು ಕಾರಣವಿದೆ. ಹನ್ನೆರಡನೇ ಶತಮಾನದ ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಲ್ಲಮನ ಬಳ್ಳಿಗಾವಿ ಅಲ್ಲಿಂದ ದೂರವಿಲ್ಲ. ಅಕ್ಕನಿಗೂ ಅರಸ ಕೌಶಿಕನಿಗೂ ಮದುವೆಯಾಗಿತ್ತೇ ಎಂಬುದನ್ನು ಕವಿ ಹರಿಹರ ಒಂದು ರೀತಿ ಹೇಳುತ್ತಾನೆ, ಕವಿ ಚಾಮರಸ ಇನ್ನೊಂದು ರೀತಿ ಹೇಳುತ್ತಾನೆ. ಹರಿಹರನಲ್ಲಿ ಆಕೆ ಷರತ್ತು ಹಾಕಿ ಮದುವೆಯಾಗಿ, ಷರತ್ತು ಮುರಿದಾಗ ಹೊರಟುಬಿಡುತ್ತಾಳೆ. ಚಾಮರಸನಲ್ಲಿ ಮದುವೆಯೇ ಇಲ್ಲ. ಈ ವಿಚಾರ ಇನ್ನೂ ತೀರ್ಮಾನವಾಗಿಲ್ಲ, ಆದರೂ ಕನ್ನಡದ ಜನಕ್ಕೆ ಅಕ್ಕ ಯಾರೆಂದು ಗುರುತಿಸಲು ಎಂದೂ ತೊಡಕಾಗಲಿಲ್ಲ. ಎಂಟು ನೂರು ವರ್ಷದಿಂದ ಆಕೆಯನ್ನು ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತದಿಂದಲೇ ಗುರುತಿಸುತ್ತಿದ್ದೇವೆ. ಅದೇ ನೆಲದಲ್ಲಿ ಇವತ್ತು ಒಬ್ಬ ವಿರಕ್ತೆ 'ಗಂಡನ ಹೆಸರು' ಇಲ್ಲದ್ದಕ್ಕೆ ಅಕ್ಕಿ ಸಿಗದೆ ಹಿಂದಿರುಗುವುದು ನಮಗೆ ಸಹಿಸಲಾಗದ ಸಂಗತಿ.

ಹೆಂಗಸರ ಸನ್ಯಾಸವೆಂದರೆ ಎಲ್ಲೋ ಅಪರೂಪಕ್ಕೆ ನಡೆಯುವುದು ಎಂದುಕೊಂಡವರಿದ್ದಾರೆ. ಶಂಕರಾಚಾರ್ಯ ಪೀಠಗಳಲ್ಲೂ ಮಾಧ್ವ ಮಠಗಳಲ್ಲೂ ಹೆಂಗಸರಿಗೆ ಸನ್ಯಾಸ ಕೊಡುವ ರೂಢಿಯಿಲ್ಲ, ಅದು ನಿಜ. ಆದರೆ ರಾಮಕೃಷ್ಣ ಪರಂಪರೆಯಲ್ಲಿ 1954ರಲ್ಲಿ ಶಾರದಾ ಮಠ ಶುರುವಾಯಿತು, 1959ರ ಜನವರಿ 1ರಂದು ಅಲ್ಲಿನ ಬ್ರಹ್ಮಚಾರಿಣಿಯರಿಗೆ ಸನ್ಯಾಸವಾಯಿತು, ಆ ವರ್ಷವೇ ಅದು ಸ್ವತಂತ್ರ ಸಂಸ್ಥೆಯೂ ಆಯಿತು. ನಮ್ಮಲ್ಲಿ ಮಾತೆ ಮಹಾದೇವಿಯವರು 1966ರಲ್ಲಿ ಜಂಗಮದೀಕ್ಷೆ ಪಡೆದು 1970ರಲ್ಲಿ ಪೀಠವೇರಿದರು. ದೊಡ್ಡ ಸಂಸ್ಥೆಯಲ್ಲಿರುವವರಿಗೆ ಕಚೇರಿ, ಲೆಕ್ಕಿಗರು, ವಕೀಲರು ಇರುತ್ತಾರೆ. ಅವರ ಕಾಗದ ಅವರು ನೋಡಿಕೊಳ್ಳುತ್ತಾರೆ. ನಮ್ಮ ಕಾಳಜಿ ಇರುವುದು ಕಾಡಂಚಿನಲ್ಲಿ ಇಬ್ಬರು ಮೂವರು ಒಂದು ಒಲೆ ಹಚ್ಚಿಕೊಂಡು ಇರುವ ಕಡೆ. ಮುಜರಾಯಿ ಇಲಾಖೆಯ 1997ರ ಕಾಯ್ದೆ ಮಠಗಳಿಗೆ ಅನ್ವಯಿಸದ ಕಾರಣ ಇವರ ಪಟ್ಟಿ ಆ ಇಲಾಖೆಯಲ್ಲೂ ಇರುವುದಿಲ್ಲ.

ಕಾನೂನು ಸನ್ಯಾಸವನ್ನು ಬಲ್ಲದು. ಹಿಂದೂ ವಿವಾಹ ಕಾಯ್ದೆ 1955ರ ಕಲಂ 13(1)(6)ರ ಪ್ರಕಾರ, ಗಂಡ ಹೆಂಡತಿಯಲ್ಲಿ ಒಬ್ಬರು ಧಾರ್ಮಿಕ ಪಂಥಕ್ಕೆ ಸೇರಿ ಲೋಕ ಬಿಟ್ಟರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದು. 1956ರ ಪೋಷಕತ್ವ ಕಾಯ್ದೆಯಲ್ಲಿ, ಸಂಪೂರ್ಣವಾಗಿ ಲೋಕ ತ್ಯಜಿಸಿದವರು ಮಗುವಿನ ಸಹಜ ಪೋಷಕರಾಗಿ ಮುಂದುವರಿಯುವಂತಿಲ್ಲ. ಅದೇ ವರ್ಷದ ದತ್ತಕ ಕಾಯ್ದೆಯಲ್ಲಿ, ಹಾಗೆ ತ್ಯಜಿಸಿದ ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ದತ್ತು ತೆಗೆದುಕೊಳ್ಳಬಹುದು. ಸನ್ಯಾಸ ಪಡೆದವರಿಗೆ ಹುಟ್ಟಿದ ಕುಟುಂಬದ ಸಂಬಂಧ ಕಡಿಯುತ್ತದೆ, ಗುರು ಶಿಷ್ಯ ಸಂಬಂಧ ಅದರ ಜಾಗಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಒಪ್ಪಿಕೊಂಡಿದೆ. ಅಂದರೆ ಆಕೆಯಿಂದ ಕಿತ್ತುಕೊಳ್ಳುವಾಗ ಕಾನೂನಿಗೆ ಆಕೆ ಸನ್ಯಾಸಿನಿ ಎಂದು ಚೆನ್ನಾಗಿ ಗೊತ್ತು. ಕೊಡುವ ಕಿಟಕಿಯಲ್ಲಿ ಮಾತ್ರ ಆಕೆ ಯಾರದೋ ಮಗಳು, ಯಾರದೋ ಹೆಂಡತಿ ಆಗಿರಲೇಬೇಕು. ನಮ್ಮ ತಕರಾರು ಇರುವುದು ಇಲ್ಲಿ.

ಬರಿಯ ಕಾವಿ ಉಟ್ಟರೆ ಸನ್ಯಾಸವಾಗುವುದಿಲ್ಲ, ಆಯಾ ಪಂಥದ ವಿಧಿ ನಡೆದಿರಬೇಕು ಎಂಬುದು ನ್ಯಾಯಾಲಯಗಳ ನಿಲುವು. ವೈದಿಕ ಕ್ರಮದಲ್ಲಿ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುವುದು, ವಿರಜಾ ಹೋಮ, ಶಿಖೆ ತೆಗೆಯುವುದು, 'ನಾನು ಬಿಟ್ಟೆ' ಎಂಬ ಪ್ರೈಷ ಮಂತ್ರ, ಹೊಸ ಹೆಸರು ಇವೆಲ್ಲ ಬರುತ್ತವೆ. ವೀರಶೈವ ಲಿಂಗಾಯತ ಕ್ರಮ ಬೇರೆ. ಅಲ್ಲಿ ಇಷ್ಟಲಿಂಗ ಮೊದಲೇ ಇರುತ್ತದೆ, ಜಂಗಮದೀಕ್ಷೆಯಿಂದ ವಿರಕ್ತ ಬದುಕು ಶುರುವಾಗುತ್ತದೆ. ಯಾವ ಕ್ರಮವಾದರೂ ತೊಂದರೆಯಾಗುವುದು ಒಂದೇ ಕಡೆ, ನಡೆದದ್ದಕ್ಕೆ ಬರಹ ಇರುವುದಿಲ್ಲ. ಹತ್ತು ವರ್ಷದ ಮೇಲೆ ಗುರುಗಳು ಲಿಂಗೈಕ್ಯರಾಗಿರುತ್ತಾರೆ ಅಥವಾ ಸಮಾಧಿಸ್ಥರಾಗಿರುತ್ತಾರೆ, ಆ ದಿನ ಇದ್ದವರು ಚದುರಿರುತ್ತಾರೆ.

ಅದಕ್ಕೇ ಈ ಪತ್ರವನ್ನು ಮಠದ ಹಿರಿಯರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇವೆ. ದೀಕ್ಷೆಯಾದ ವಾರದೊಳಗೆ ಒಂದು ದೀಕ್ಷಾ ಪತ್ರ ಬರೆಯಿರಿ. ಅದರಲ್ಲಿ ಪೂರ್ವಾಶ್ರಮದ ಪೂರ್ತಿ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ. ಹೊಸ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ತೇದಿ, ಊರು, ನಡೆದ ವಿಧಿಗಳು, ಗುರುವಿನ ಹೆಸರು, ಮಠದ ಟ್ರಸ್ಟ್ ನೋಂದಣಿಯಾಗಿದ್ದರೆ ಅದರ ಸಂಖ್ಯೆ, ಮಠಕ್ಕೆ ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳ ಸಹಿ ಇರಲಿ. ದೀಕ್ಷೆಗೆ ಮುಂಚಿನದೊಂದು, ನಂತರದ್ದೊಂದು ಭಾವಚಿತ್ರ ಅಂಟಿಸಿ ಮೇಲೆ ಮುದ್ರೆ ಒತ್ತಿ. ಮೂರು ಪ್ರತಿ ಮಾಡಿ ಒಂದು ಮಠಕ್ಕೆ, ಒಂದು ಆಕೆಗೆ, ಒಂದು ಆಕೆ ನಂಬುವ ಹೊರಗಿನವರಿಗೆ. ಮಳೆಗಾಲದಲ್ಲಿ ಮಲೆನಾಡಿನ ಕಪಾಟಿನೊಳಗಿನ ಕಾಗದ ಏನಾಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೂಷ್ಟು ಹಿಡಿದು ಸಹಿಯ ಶಾಯಿ ಕದಡಿಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಮೊಬೈಲಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ.

ಹೆಸರು ಬದಲಾವಣೆಯ ವಿಷಯದಲ್ಲಿ ನಮ್ಮ ಅನುಭವದ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಅರವತ್ತು ದಾಟಿದವರು, ವಿದೇಶ ಪ್ರಯಾಣವಿಲ್ಲದವರು ದಾಖಲೆಯಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್ ಒಂದನ್ನು ನೋಟರಿಯಿಂದ ಮಾಡಿಸಿಟ್ಟರೆ ಸಾಕು. ಹೆಸರಿನ ಹಂಗು ಬಿಟ್ಟವರಿಗೆ ರೇಷನ್ ಕಾರ್ಡಿನ ಮೇಲಿನ ಹೆಸರು ಯಾವುದಾದರೇನು ಎಂದು ಹಲವು ಮಾತಾಜಿಯವರೇ ಹೇಳುತ್ತಾರೆ. ಎಳೆಯ ವಯಸ್ಸಿನಲ್ಲಿ ದೀಕ್ಷೆ ಪಡೆದವರು ಬದಲಾಯಿಸುವುದಾದರೆ ಕ್ರಮ ತಪ್ಪಬಾರದು. ಮೊದಲು ಅಫಿಡವಿಟ್, ಆಮೇಲೆ ಪತ್ರಿಕಾ ಪ್ರಕಟಣೆ, ಆಮೇಲೆ ಗೆಜೆಟ್. ಗೆಜೆಟ್ ಕೈಗೆ ಬಂದ ಮೇಲೆ ಆಧಾರ್, ಆಧಾರ್ ಆದ ಮೇಲೆ ಬ್ಯಾಂಕು, ಪ್ಯಾನ್, ಮತದಾರರ ಚೀಟಿ, ಕೊನೆಗೆ ಪಡಿತರ ಚೀಟಿ. ಬಹಳ ಜನ ಬ್ಯಾಂಕಿನಿಂದ ಶುರು ಮಾಡುತ್ತಾರೆ, ಏಕೆಂದರೆ ಬ್ಯಾಂಕು ಹತ್ತಿರವಿರುತ್ತದೆ. ಖಾತೆಯಲ್ಲಿ ಹೊಸ ಹೆಸರು, ಆಧಾರ್‌ನಲ್ಲಿ ಹಳೆಯ ಹೆಸರು ಆದ ತಕ್ಷಣ ಬರುತ್ತಿದ್ದ ಪಿಂಚಣಿ ನಿಲ್ಲುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜನ್ಮದಲ್ಲಿ ಎರಡೇ ಅವಕಾಶ, ಹುಟ್ಟಿದ ತೇದಿಗೆ ಒಂದೇ. ಮದುವೆಯಾದಾಗ ಒಮ್ಮೆ ಬದಲಾಗಿದ್ದರೆ ಇನ್ನು ಉಳಿದಿರುವುದು ಒಂದು. ಆದ್ದರಿಂದ ಗೆಜೆಟ್‌ಗೆ ಕೊಡುವಾಗಲೇ 'ಪರಮಪೂಜ್ಯ', 'ಶ್ರೀ' ಇವನ್ನೆಲ್ಲ ಬಿಟ್ಟುಬಿಡಿ. ಬಿರುದುಗಳನ್ನು ಆಧಾರ್ ಹೆಸರಿನ ಭಾಗವಾಗಿ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷ್ ಕಾಗುಣಿತ ಎಲ್ಲ ಕಡೆ ಅಕ್ಷರಕ್ಕಕ್ಷರ ಒಂದೇ ಇರಲಿ.

ವಿಳಾಸ ಬದಲಾವಣೆಗೆ ಮಠದ ಲೆಟರ್‌ಹೆಡ್ ಮಾತ್ರ ಹಿಡಿದು ಹೋಗಿ ಬರಿಗೈಲಿ ಬರುವವರು ಹೆಚ್ಚು. ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು, ಅದಕ್ಕೆ ತಹಶೀಲ್ದಾರರೋ ಗೆಜೆಟೆಡ್ ಅಧಿಕಾರಿಯೋ ಸಹಿ ಹಾಕಬಹುದು, ಸಹಿ ಬಿದ್ದ ದಿನದಿಂದ ಮೂರು ತಿಂಗಳಷ್ಟೇ ಅದು ನಡೆಯುತ್ತದೆ. ವಯಸ್ಕರ ಆಧಾರ್‌ಗೆ ತಂದೆ, ಗಂಡನ ಹೆಸರು ಕಡ್ಡಾಯವೇ ಅಲ್ಲ. 'ಮೂಲಕ' (ಇಂಗ್ಲಿಷಿನಲ್ಲಿ C/O) ಎಂಬ ಜಾಗದಲ್ಲಿ ಗುರುವಿನ ಹೆಸರು ಬರಬಹುದು. ಇದು ಗೊತ್ತಿಲ್ಲದ ಆಪರೇಟರುಗಳು ಗಂಡನ ಹೆಸರು ಹೇಳಲೇಬೇಕೆಂದು ಹಟ ಹಿಡಿಯುತ್ತಾರೆ, ಹೆದರಿದವರು ಬಿಟ್ಟುಬಂದ ಗಂಡನ ಹೆಸರನ್ನು ಮತ್ತೆ ಬರೆಸಿ ಬರುತ್ತಾರೆ. ಈ ಒಂದು ಸಾಲು ಮುಂದೆ ಪಾಸ್‌ಪೋರ್ಟಿನವರೆಗೂ ಅಡ್ಡ ಬರುತ್ತದೆ. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಸಾಧು ಸನ್ಯಾಸಿಗಳು ತಂದೆ ತಾಯಿಯ ಬದಲು ಗುರುವಿನ ಹೆಸರು ಕೊಡಬಹುದೆಂದು ಪ್ರಕಟಿಸಿದೆ. ಷರತ್ತು ಒಂದೇ: ಮತದಾರರ ಚೀಟಿ, ಪ್ಯಾನ್, ಆಧಾರ್‌ನಂಥ ಒಂದು ದಾಖಲೆಯಲ್ಲಾದರೂ ಪೋಷಕರ ಜಾಗದಲ್ಲಿ ಗುರುವಿನ ಹೆಸರು ಇರಬೇಕು. ಮತದಾರರ ನಮೂನೆ 6ರಲ್ಲಿ ತೃತೀಯ ಲಿಂಗಿಗಳಿಗೆ ಗುರುವಿನ ಹೆಸರು ಬರೆಯುವ ಅವಕಾಶವನ್ನು ಬಾಯಿಬಿಟ್ಟು ಬರೆದಿದ್ದಾರೆ. ದೇಶದ ಪಾಸ್‌ಪೋರ್ಟಿಗೆ ಆಗುವ ಗುರುವಿನ ಹೆಸರು ಹೋಬಳಿ ಮಟ್ಟದ ವಾಸಸ್ಥಳ ದೃಢೀಕರಣಕ್ಕೆ ಏಕೆ ಆಗಬಾರದು, ಮಾನ್ಯರೇ?

ಮುಖದ ವಿಚಾರವನ್ನೂ ಹೇಳಬೇಕು. ದೀಕ್ಷೆಗೆ ಮುಂಚಿನ ಆಧಾರ್ ಚಿತ್ರದಲ್ಲಿ ಉದ್ದ ಜಡೆ, ಕುಂಕುಮ, ಮೂಗುಬೊಟ್ಟು ಇರುತ್ತವೆ. ಈಗ ಎದುರಿಗೆ ನಿಂತಿರುವವರಿಗೆ ತಲೆ ಬೋಳು, ಹಣೆಯಲ್ಲಿ ವಿಭೂತಿ, ಹೆಗಲಿಗೆ ಕಾವಿ. ಯಂತ್ರ ಒಪ್ಪಿದರೂ ಮನುಷ್ಯರು ಒಪ್ಪುವುದಿಲ್ಲ. ಇನ್ನು ಬೆರಳಚ್ಚು. ಆಶ್ರಮದ ಖರ್ಚಿಗೆ ಕಾರ್ತಿಕ ಮಾರ್ಗಶಿರದಲ್ಲಿ ಅಡಿಕೆ ಸುಲಿಯುವ ಕೈಗಳವು. ಮೆಟ್ಟುಗತ್ತಿಯ ಮುಂದೆ ದಿನಗಟ್ಟಲೆ ಕೂತು ಹಸಿ ಅಡಿಕೆಯ ಸಿಪ್ಪೆ ಬಿಡಿಸಿದರೆ ಹೆಬ್ಬೆರಳ ಗೆರೆಗಳ ತುಂಬ ಚೊಗರು ಕೂತು ಕಪ್ಪಾಗಿ, ಚರ್ಮ ಸುಲಿದು, ನ್ಯಾಯಬೆಲೆ ಅಂಗಡಿಯ ಯಂತ್ರ ಮೂರು ಸಲ ಕೆಂಪು ದೀಪ ತೋರಿಸುತ್ತದೆ. ಸುಗ್ಗಿ ಮುಗಿದು ಹದಿನೈದು ಇಪ್ಪತ್ತು ದಿನ ಬಿಟ್ಟು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗೆ ಮಾಡಿಕೊಂಡು, ಹೋಗುವ ದಿನ ಎಣ್ಣೆಯ ಜಿಡ್ಡು ತೊಳೆದು ಹೋದರೆ ಸಾಮಾನ್ಯವಾಗಿ ಒಪ್ಪುತ್ತದೆ. ದೀಕ್ಷೆಯಾದ ಮೇಲೆ ಒಮ್ಮೆ ಆಧಾರ್ ಕೇಂದ್ರದಲ್ಲಿ ಚಿತ್ರ, ಬೆರಳು, ಕಣ್ಣುಪಾಪೆ ಮೂರನ್ನೂ ಹೊಸದಾಗಿ ಕೊಟ್ಟುಬಿಡುವುದು ಎಲ್ಲಕ್ಕಿಂತ ಲೇಸು.

ಪಡಿತರ ಚೀಟಿಯದು ದೊಡ್ಡ ಕಗ್ಗಂಟು. ದೀಕ್ಷೆಯ ಸುದ್ದಿ ತಿಳಿದ ಕೂಡಲೇ ಮನೆಯವರು ಆಕೆಯ ಹೆಸರನ್ನು ಚೀಟಿಯಿಂದ ತೆಗೆಸುತ್ತಾರೆ. ಹೊಸ ಚೀಟಿಯ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ. ಒಮ್ಮೆ ತೆಗೆದ ಹೆಸರು ಎಲ್ಲೂ ಸೇರದೆ ಎರಡು ಮೂರು ವರ್ಷ ತೂಗಾಡುತ್ತದೆ. ಆ ಅವಧಿಯಲ್ಲಿ ಅಕ್ಕಿ ಇಲ್ಲ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇರುವ ಚಿಕಿತ್ಸೆಯೂ ಇಲ್ಲ. ಪಡಿತರ ಚೀಟಿಯ ಯಜಮಾನಿಗೆ 2023ರ ಆಗಸ್ಟ್‌ನಿಂದ ಸಿಗುತ್ತಿರುವ ಗೃಹಲಕ್ಷ್ಮಿಯ 2,000 ರೂಪಾಯಿಯ ಮಾತಂತೂ ದೂರ. ಆಶ್ರಮದಲ್ಲಿ ನಾಲ್ವರಿದ್ದಾರೆ, ಒಂದೇ ಒಲೆ, ಒಂದೇ ಚೀಟಿ ಕೊಡಿ ಎಂದರೆ 'ನಿಮಗೆ ರಕ್ತಸಂಬಂಧವಿಲ್ಲ, ನೀವು ಕುಟುಂಬವಲ್ಲ' ಎನ್ನುತ್ತಾರೆ. ಒಬ್ಬೊಬ್ಬರಿಗೂ ಬೇರೆ ಕೊಡಿ ಎಂದರೆ 'ಒಂದೇ ಮನೆ, ಒಂದೇ ಒಲೆ' ಎನ್ನುತ್ತಾರೆ. ಎರಡೂ ಉತ್ತರ ಒಂದೇ ಮೇಜಿನಿಂದ ಬರುತ್ತವೆ.

ಜನಗಣತಿಯವರು ಈ ಕಗ್ಗಂಟನ್ನು ಎಂದೋ ಬಿಡಿಸಿಟ್ಟಿದ್ದಾರೆ. ರಕ್ತಸಂಬಂಧವಿಲ್ಲದೆ ಒಂದೇ ಅಡುಗೆಮನೆಯಲ್ಲಿ ಉಣ್ಣುವ ಹಾಸ್ಟೆಲ್, ಆಶ್ರಮ, ಅನಾಥಾಲಯಗಳನ್ನು ಅವರು 'ಸಾಂಸ್ಥಿಕ ಕುಟುಂಬ' ಎಂದು ಬರೆದುಕೊಳ್ಳುತ್ತಾರೆ. ಎಣಿಸಲು ಕುಟುಂಬವಾದವರು ಉಣ್ಣಲೂ ಕುಟುಂಬವಾಗಲಿ. ಅದು ಆಹಾರ ಇಲಾಖೆಯ ತಂತ್ರಾಂಶದಲ್ಲಿ ಕೂಡಲೇ ಆಗದಿದ್ದರೆ, ಒಂಟಿ ಹೆಂಗಸಿನ ಏಕಸದಸ್ಯ ಚೀಟಿಯನ್ನಾದರೂ ಕೊಡಬಹುದು. ಆಹಾರ ಭದ್ರತಾ ಕಾಯ್ದೆ 2013ರ ಪ್ರಕಾರ ಹದಿನೆಂಟು ದಾಟಿದ ಹಿರಿಯ ಹೆಂಗಸೇ ಚೀಟಿಯ ಯಜಮಾನಿ. ಆ ಕಾಯ್ದೆಯಲ್ಲಿ ಅಂತ್ಯೋದಯದವರಿಗೆ ಕುಟುಂಬಕ್ಕೆ ತಿಂಗಳಿಗೆ 35 ಕೆಜಿ, ಆದ್ಯತಾ ಚೀಟಿಗೆ ತಲೆಗೆ 5 ಕೆಜಿ ಧಾನ್ಯವಿದೆ. ಅಲ್ಲಿಯವರೆಗೆ ಮನೆಯವರಲ್ಲಿ ನಮ್ಮ ವಿನಂತಿ: ಹೊಸ ಚೀಟಿಗೆ ಅರ್ಜಿ ಕರೆಯುವವರೆಗೆ ಆಕೆಯ ಹೆಸರನ್ನು ತೆಗೆಸಬೇಡಿ.

ಪಿಂಚಣಿಯಲ್ಲಿ ಒಂದು ಸಂದು ಇದೆ, ಅದರಲ್ಲಿ ಬಿದ್ದವರನ್ನು ಎತ್ತುವವರಿಲ್ಲ. ವಿಧವೆಯರಿಗೆ ವಿಧವಾ ವೇತನವಿದೆ. ನಲವತ್ತರಿಂದ ಅರವತ್ತನಾಲ್ಕರವರೆಗಿನ ಅವಿವಾಹಿತರು, ವಿಚ್ಛೇದಿತರಿಗೆ ಮನಸ್ವಿನಿ ಇದೆ, ತಿಂಗಳಿಗೆ 800 ರೂಪಾಯಿ. ಅರವತ್ತೈದರ ಮೇಲೆ ಸಂಧ್ಯಾ ಸುರಕ್ಷಾ, 1,200 ರೂಪಾಯಿ. ಮದುವೆಯಾಗಿ, ಗಂಡ ಬದುಕಿದ್ದು, ವಿಚ್ಛೇದನವಾಗದೆ ದೀಕ್ಷೆ ಪಡೆದ ಐವತ್ತರ ಹೆಂಗಸು ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಆಕೆ ವಿಧವೆಯಲ್ಲ, ಅವಿವಾಹಿತೆಯಲ್ಲ, ವಿಚ್ಛೇದಿತೆಯಲ್ಲ. ವಿಚ್ಛೇದನ ಕೇಳುವ ಹಕ್ಕು 13(1)(6)ರಲ್ಲಿ ಬಿಟ್ಟುಹೋದವಳಿಗಲ್ಲ, ಉಳಿದವನಿಗೆ. ಇಬ್ಬರೂ ಒಪ್ಪಿದರೆ ಪರಸ್ಪರ ಸಮ್ಮತಿಯ ವಿಚ್ಛೇದನ ಸಾಧ್ಯ, ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ದೀಕ್ಷೆಗೆ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ ಎಂದು ಹೇಳುವ ಗುರುಗಳು ಬಹಳ ಕಡಿಮೆ. ನೋಂದಾಯಿತ ದೀಕ್ಷಾ ಪತ್ರವಿದ್ದವರನ್ನು ಮನಸ್ವಿನಿಯಲ್ಲಿ ಸೇರಿಸಬೇಕೆಂದು ನೀವು ಸರ್ಕಾರಕ್ಕೆ ಒಂದು ಪ್ರಸ್ತಾವ ಕಳಿಸಬೇಕು. ಇದು ಜಿಲ್ಲೆಯಲ್ಲೇ ತೀರುವ ಮಾತಲ್ಲ ಎಂದು ಬಲ್ಲೆವು. ಆದರೆ ಜಿಲ್ಲೆಯಿಂದ ಹೋಗದೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ.

'ಎಲ್ಲ ಬಿಟ್ಟವರಿಗೆ ಸರ್ಕಾರದ ದುಡ್ಡೇಕೆ' ಎಂದು ಕೇಳುವವರಿದ್ದಾರೆ. ಅವರು ಬಿಟ್ಟಿದ್ದು ಒಡೆತನವನ್ನು, ಸಂಬಂಧದ ಮೇಲಿನ ಹಕ್ಕನ್ನು. ಹಸಿವೆ, ಜ್ವರ, ಮಂಡಿನೋವು ದೀಕ್ಷೆಯ ದಿನ ಹೋಗುವುದಿಲ್ಲ. ಅಕ್ಕನ ಕಾಲದಲ್ಲಿ ಭಿಕ್ಷೆ ನೀಡುವ ಮನೆಗಳಿದ್ದವು. ಈಗ ಎರಡು ಮೈಲಿಗೆ ಒಂದು ಮನೆ, ಆ ಮನೆಯಲ್ಲೂ ಇಬ್ಬರು ಮುದುಕರು, ಮಕ್ಕಳು ಬೆಂಗಳೂರಿನಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಹಿಡಿದ ಮಳೆಯಲ್ಲಿ ಒದ್ದೆ ಕಾವಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸಿಕೊಳ್ಳುವವರು ಭಿಕ್ಷೆಗೆ ಹೊರಡುವುದೆಲ್ಲಿಗೆ?

ಆ ಒಲೆಗೆ ಸೌದೆ ಬೇಕು. ಸೌದೆಗೂ ದರಕಿಗೂ (ಒಣ ಎಲೆಗೂ) ಕಾಡಿಗೆ ಹೋಗಬೇಕು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಮಳೆಗಾಲಕ್ಕೆ ಸೌದೆ ಒಟ್ಟುವ ಹೊತ್ತಿಗೇ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೇಪಾ ತೈಲ ಕೊಡುತ್ತಾರೆ, ಜ್ವರದ ಸಮೀಕ್ಷೆ ಮಾಡುತ್ತಾರೆ. ಅವರ ಕೈಯಲ್ಲಿರುವುದು ಮನೆಗಳ ಪಟ್ಟಿ. ಆಶ್ರಮ 'ಮನೆ'ಯಲ್ಲದ ಕಾರಣ ಆ ಪಟ್ಟಿಯಿಂದ ಜಾರುತ್ತದೆ. ಕಾಡಿಗೆ ಹೋಗುವವರು ತೈಲವನ್ನು ಕಾಲು, ಕೈ, ಕುತ್ತಿಗೆಗೆ ಹಚ್ಚಿ, ಮೈತುಂಬ ಬಟ್ಟೆ ತೊಟ್ಟು, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಮೀಯಬೇಕು. ಬರಿಗಾಲಿನಲ್ಲಿ ನಡೆಯುವ ವ್ರತವಿದ್ದವರಿಗೆ ಅಪಾಯ ಇನ್ನೂ ಹೆಚ್ಚು; ಈ ಆರು ತಿಂಗಳಾದರೂ ಕಾಡಿನ ಕೆಲಸವನ್ನು ಬೇರೆಯವರಿಗೆ ಬಿಡುವಂತೆ ಗುರುಗಳು ಹೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಪಟ್ಟಿಗೆ ಆಶ್ರಮಗಳನ್ನು ಸೇರಿಸಲು ಒಂದು ಆದೇಶ ಸಾಕು. ದುಡ್ಡಿನ ಖರ್ಚೂ ಇಲ್ಲ.

ಆಸ್ಪತ್ರೆಯಲ್ಲಿ ಮತ್ತೆ ಅದೇ ಸಾಲು ಬರುತ್ತದೆ: 'ಶಸ್ತ್ರಚಿಕಿತ್ಸೆಗೆ ಮನೆಯವರ ಸಹಿ'. ಎಚ್ಚರವಿರುವ ವಯಸ್ಕ ರೋಗಿಯ ಒಪ್ಪಿಗೆ ಆಕೆಯದೇ. ಅಣ್ಣನನ್ನು ಊರಿಂದ ಕರೆಸುವ ಅಗತ್ಯವಿಲ್ಲ. ಎಚ್ಚರ ತಪ್ಪಿದಾಗ ಯಾರು ಹೇಳಬೇಕು ಎಂಬುದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರಳಗೊಳಿಸಿದೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಆಯಿತು. ಅದರಲ್ಲಿ ಜೊತೆಗಿರುವ ಸನ್ಯಾಸಿನಿಯ ಹೆಸರು ಬರೆಯಿರಿ.

ಆಸ್ತಿಯ ಮಾತು ಕಹಿ, ಆದರೂ ಹೇಳಲೇಬೇಕು. ದೀಕ್ಷೆ ನಿಶ್ಚಯವಾದ ವಾರ ಅಣ್ಣತಮ್ಮಂದಿರು ಛಾಪಾ ಕಾಗದ ತರುತ್ತಾರೆ. 'ಹೇಗೂ ಬಿಡುತ್ತೀಯಲ್ಲ, ಹಾಕು ಸಹಿ.' ವೈರಾಗ್ಯದ ಭರದಲ್ಲಿ ಆಕೆ ಓದದೆ ಹಾಕುತ್ತಾಳೆ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗದಿದ್ದರೆ ನಿಲ್ಲುವುದಿಲ್ಲ, ಆದರೆ ಮುಂದೆ ಆಕೆಯನ್ನು ಹೆದರಿಸಲು ಆ ಕಾಗದ ಸಾಕಾಗುತ್ತದೆ. ತಂದೆ ತೀರಿದ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ 'ಅವಳು ಸನ್ಯಾಸಿ' ಎಂದು ಹೆಸರೇ ಬಿಡುವುದೂ ಉಂಟು. 2005ರ ತಿದ್ದುಪಡಿಯಿಂದ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನ ಸಮ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸನ್ಯಾಸವನ್ನು ಅನರ್ಹತೆ ಎಂದು ಬರೆದಿಲ್ಲ. ವಿಧಿಪೂರ್ವಕ ಸನ್ಯಾಸವೆಂದರೆ ಲೌಕಿಕ ಮರಣ ಎಂಬ ಹಳೆಯ ನಿಯಮವನ್ನು ಎದುರಿನವರು ಕೋರ್ಟಿನಲ್ಲಿ ಎತ್ತಬಹುದು. ಅದಕ್ಕೇ ದೀಕ್ಷೆಗೆ ಮುಂಚೆ ಬಾಯಿಮಾತು ಬೇಡ. ಬಿಡುವುದಾದರೆ ನೋಂದಣಿ ಮಾಡಿಸಿ ಬಿಡಿ, ಬದಲಿಗೆ ಒಂದು ಠೇವಣಿಯನ್ನೋ ವರ್ಷದ ಜೀವನಾಂಶವನ್ನೋ ಅದೇ ಪತ್ರದಲ್ಲಿ ಬರೆಸಿ. ಮಠಕ್ಕೆ ದಾನ ಕೊಡುವುದಾದರೆ ದೀಕ್ಷೆಯಾಗಿ ಒಂದು ವರ್ಷ ಕಳೆದ ಮೇಲೆ ಕೊಡಿ; ಮೊದಲೇ ಕೊಟ್ಟುಬಿಟ್ಟರೆ, ಒಗ್ಗದೆ ಹಿಂದಿರುಗಿದವರಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ವಂಶವೃಕ್ಷದ ಮಹಜರಿಗೆ ಹೋಗುವ ಗ್ರಾಮ ಆಡಳಿತ ಅಧಿಕಾರಿಗಳು ಸನ್ಯಾಸಿನಿ ಮಗಳ ಹೆಸರನ್ನೂ ಬರೆದು, ಆಕೆಗೆ ನೋಟಿಸು ಆಶ್ರಮದ ವಿಳಾಸಕ್ಕೆ ಕಳಿಸುವಂತೆ ನೀವು ಸೂಚಿಸಬೇಕು.

ಉಯಿಲು ಬರೆಯದೆ ತೀರಿಕೊಂಡರೆ ಆಕೆಯ ಖಾತೆಯ ಹಣ ಎಲ್ಲಿಗೆ ಹೋಗುತ್ತದೆ ಗೊತ್ತೇ? ಉತ್ತರಾಧಿಕಾರ ಕಾಯ್ದೆಯ ಕಲಂ 15ರಲ್ಲಿ ಮಕ್ಕಳು ಮತ್ತು ಗಂಡನ ನಂತರ ಗಂಡನ ವಾರಸುದಾರರು, ಅವರ ನಂತರವೇ ಆಕೆಯ ತಂದೆ ತಾಯಿ. ವಿಧಿಪೂರ್ವಕ ಸನ್ಯಾಸ ಸಾಬೀತಾದರೆ ಗುರು, ಶಿಷ್ಯೆ ಬರುತ್ತಾರೆ. ಸಾಬೀತು ಮಾಡುವುದು ಯಾರು? ಮೂವತ್ತು ವರ್ಷದ ಹಿಂದೆ ಬಿಟ್ಟುಬಂದ ಮನೆಯವರು ಆಶ್ರಮದ ಬಾಗಿಲಿಗೆ ಬಂದು ನಿಲ್ಲುವುದು ಹೀಗೆ. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ಅವರೂ ಸಹಿ ಹಾಕಿದರೆ ಉಯಿಲು ಸಿಂಧು. ಛಾಪಾ ಕಾಗದವೂ ನೋಂದಣಿಯೂ ಕಡ್ಡಾಯವಲ್ಲ. ಬ್ಯಾಂಕಿನ ನಾಮಿನಿಯಾಗಿ ಸಂಬಂಧಿಕರಲ್ಲದವರನ್ನೂ ಹಾಕಬಹುದು, 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹಾಕಬಹುದು. ನಾಮಿನಿ ಹಣ ಪಡೆಯುವವರಷ್ಟೇ, ಒಡೆಯರಲ್ಲ ಎಂಬುದು ನೆನಪಿರಲಿ.

ತೀರಿಕೊಂಡ ದಿನದ ತೊಡಕು ಬೇರೆ. ಹಲವು ಪಂಥಗಳಲ್ಲಿ ಸನ್ಯಾಸಿನಿಯರನ್ನು ಸುಡುವುದಿಲ್ಲ, ಸಮಾಧಿ ಮಾಡುತ್ತಾರೆ. ಲಿಂಗಾಯತ ಕ್ರಮದಲ್ಲಿ ಕೂರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ತುಂಬಿ. ಆಶ್ರಮದ ಜಾಗ ಬಗರ್ ಹುಕುಂ ಅರ್ಜಿಯಲ್ಲೋ, ಸೊಪ್ಪಿನಬೆಟ್ಟದಲ್ಲೋ, ಅರಣ್ಯದ ಗಡಿಯೊಳಗೋ ಇದ್ದರೆ ಆ ದಿನವೇ ತಕರಾರು ಏಳುತ್ತದೆ. ಆಷಾಢದಲ್ಲಿ ತಗ್ಗು ಜಾಗದ ಗುಂಡಿಗೆ ಒಂದೇ ಗಂಟೆಯಲ್ಲಿ ಒರತೆ ನೀರು ತುಂಬುತ್ತದೆ. ಎತ್ತರದ, ಬಾವಿಯಿಂದ ದೂರದ, ಪಹಣಿಯಲ್ಲಿ ಮಠದ ಹೆಸರಿರುವ ಜಾಗವೊಂದನ್ನು ಮುಂಚೆಯೇ ಗುರುತಿಸಿ ಗ್ರಾಮ ಪಂಚಾಯಿತಿಯಿಂದ ಬರಹದ ಒಪ್ಪಿಗೆ ಪಡೆದಿಡಬೇಕು. ಜಾಗವೇ ಇಲ್ಲದ ಆಶ್ರಮಗಳಿಗೆ ಊರಿನ ರುದ್ರಭೂಮಿಯಲ್ಲಿ ಒಂದು ಮೂಲೆ ಕಾದಿರಿಸಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು, ತಡವಾದರೆ ದಂಡವೂ ಅಲೆದಾಟವೂ ಹೆಚ್ಚು. ಅಲ್ಲಿನ ನಮೂನೆಯಲ್ಲೂ ತಂದೆ, ಗಂಡ ಎಂಬ ಅದೇ ಸಾಲು ಕಾಯುತ್ತಿರುತ್ತದೆ.

ಇನ್ನೊಂದನ್ನು ಮುಚ್ಚಿಡಬಾರದು. ಆಶ್ರಮದೊಳಗೇ ಕಿರುಕುಳವಾದರೆ ಎಲ್ಲಿಗೆ ಹೋಗಬೇಕೆಂದು ಬಹಳ ಮಂದಿಗೆ ತಿಳಿದಿಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಲ್ಲಿ ಸಂಬಳವಿಲ್ಲದೆ ಸೇವೆ ಮಾಡುವವರೂ ಉದ್ಯೋಗಿಯೇ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಆ ಸಮಿತಿಯ ವಿಳಾಸವನ್ನೂ 181, 112 ಸಹಾಯವಾಣಿ ಸಂಖ್ಯೆಗಳನ್ನೂ ಆಶ್ರಮಗಳ ಅಡುಗೆಮನೆಯ ಗೋಡೆಗೆ ಅಂಟಿಸುವ ಕೆಲಸ ಅಂಗನವಾಡಿ ಮೇಲ್ವಿಚಾರಕಿಯರಿಂದ ಆಗಲಿ. ಅಡುಗೆಮನೆ ಎನ್ನುತ್ತಿರುವುದು ಬೇಕೆಂದೇ. ಹಜಾರದ ಗೋಡೆಯನ್ನು ಎಲ್ಲರೂ ನೋಡುತ್ತಾರೆ.

ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಪಿಂಚಣಿ ಅದಾಲತ್ ನಡೆಯುತ್ತದೆ. ಮುಂದಿನ ಮಳೆ ಹಿಡಿಯುವ ಮೊದಲು, ಮೇ ಮೊದಲ ವಾರದೊಳಗೆ, ತಾಲ್ಲೂಕಿಗೊಂದು ದಿನ ಸನ್ಯಾಸಿನಿಯರಿಗೆಂದು ಇಡಿ. ಒಂದೇ ಸೂರಿನಡಿ ಆಧಾರ್ ಯಂತ್ರ, ಆಹಾರ ಶಿರಸ್ತೇದಾರರು, ಉಪತಹಶೀಲ್ದಾರರು, ಬ್ಯಾಂಕಿನವರು, ಒಬ್ಬ ನೋಟರಿ ಇರಲಿ. ಮೊದಲನೆಯದು ಶಿಕಾರಿಪುರ ತಾಲ್ಲೂಕಿನದಾಗಿ ಉಡುತಡಿಯಲ್ಲೇ ಆಗಲಿ. ಬರುವವರು ತರಬೇಕಾದದ್ದು ಆಧಾರ್, ಹಳೆಯ ಪಡಿತರ ಚೀಟಿಯ ಪ್ರತಿ, ದೀಕ್ಷಾ ಪತ್ರ, ಪಾಸ್‌ಬುಕ್, ನಾಲ್ಕು ಭಾವಚಿತ್ರ, ಗುರುತಿಸಬಲ್ಲ ಇಬ್ಬರು ಸಾಕ್ಷಿಗಳು. ಪಟ್ಟಿಯನ್ನು ಊರೂರಿನಿಂದ ಕೂಡಿಸಿ ಕೊಡುವ ಕೆಲಸ ನಮ್ಮದು. ದಿನ ಗೊತ್ತುಮಾಡಿ ತಿಳಿಸಿದರೆ ಹದಿನೈದು ದಿನದಲ್ಲಿ ನಿಮ್ಮ ಮೇಜಿಗೆ ತಲುಪಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸನ್ಯಾಸಿನಿಯರ ದಾಖಲೆ ಕೆಲಸಕ್ಕೆ ಜೊತೆಯಾಗುವವರು,
ಶಿವಮೊಗ್ಗ ಜಿಲ್ಲೆ